ಮನೆತನದ ಕ್ಯಾಲೆಂಡರ್‌ನಾಗ ವಾರದ ಹೆಸರು ಬದಲಿ ಮಾಡೂದೋ ಬ್ಯಾಡೋ

ನಮ್ಮ ಮನೆತನದ ವಾಟ್ಸಾಪ್ ಗುಂಪಿನೊಳಗ ನಡೆದ ಮಾತು ಇದು. ವರ್ಷಾ ಒಂದು ಗ್ವಾಡಿ ಕ್ಯಾಲೆಂಡರ್ ಮಾಡಿಸ್ತೀವಿ, ಹುಟ್ಟಿದ ದಿನ, ಲಗ್ನದ ದಿನ, ಹಿರ್ಯಾರ ತಿಥಿ ಎಲ್ಲಾ ಹಾಕಿ. ಪುಣೆ, ಡೊಂಬಿವಲಿ, ಗೋವಾ ಎಲ್ಲಾ ಮನಿಗೂ ಹೋಗ್ತದ. ಈ ಸಲ ಡಿಸೈನ್ ಪುಟ್ಟಿ ಮಾಡ್ಯಾಳ. ಎಲ್ಲಾರನ್ನೂ ಕೇಳಿಕೊಂಡೇ ಇಲ್ಲಿ ಹಾಕೀನಿ, ನನ್ನ ಫೋನಿನಾಗ ಯಾರು ಹೆಂಗ ಸೇವ್ ಆಗ್ಯಾರೋ ಹಂಗ.

ಪುಟ್ಟಿ: ಪ್ರೂಫ್ ಪಿಡಿಎಫ್ ಹಾಕೀನಿ, ಎಲ್ಲಾರೂ ತೆಗೆದು ನೋಡ್ರಿ. ಪ್ರೆಸ್ಸಿನವರು ಸಂಜಿ ಆರರೊಳಗ ಫೈನಲ್ ಹೇಳ್ರಿ ಅಂದಾರ. ಒಂದು ಹೊಸಾದು ಮಾಡೀನಿ. ವಾರಕ್ಕ ಅರ್ಥ ಇರೋ ಹೆಸರು. ಭಾನುವಾರಕ್ಕ ಬಿಡುವಾರ, ಸೋಮವಾರಕ್ಕ ತೊಡಗುವಾರ, ಮಂಗಳವಾರ ಕಲಿವಾರ, ಬುಧವಾರ ನಡುವಾರ, ಗುರುವಾರ ನೆನೆವಾರ ಅಂದ್ರ ಹಿರ್ಯಾರಿಗೆ ಫೋನ್ ಮಾಡೂ ದಿನ, ಶುಕ್ರವಾರ ಮುಗಿವಾರ, ಶನಿವಾರ ಕೂಡುವಾರ. ಹಳೇ ಹೆಸರು ತೆಗೆದೀನಿ

ಡೊಂಬಿವಲಿ ಅತ್ತಿ: ಬಣ್ಣ ಭಾಳ ಛಂದ ಬಂದಾವ ಪುಟ್ಟಿ 👌 ಆದ್ರ ತೆಗೆದೀನಿ ಅಂದ್ರ ಪೂರಾ ತೆಗೆದೀಯೇನ? ಎಲ್ಲೂ ಸೋಮವಾರ ಅಂತ ಇಲ್ಲೇನು?

ಪುಟ್ಟಿ: ಇಲ್ಲ ಅತ್ತಿ. ಎರಡೂ ಹಾಕಿದ್ರ ಹೊಸಾದನ್ನ ಯಾರೂ ಓದೂದಿಲ್ಲ

ದೊಡ್ಡಪ್ಪ ಸದಾಶಿವ ಪೇಠ: ಪುಟ್ಟಿ, ನಿನ್ನ ಕೆಲಸ ನೋಡಿದೆ, ಮನಸ್ಸಿಟ್ಟು ಮಾಡೀದಿ. ಆದ್ರ ನಾ ಇದಕ್ಕ ಒಪ್ಪೂದಿಲ್ಲ. ಈಗಿನ ಹೆಸರಿಗೆ ಅರ್ಥ ಇಲ್ಲ ಅಂತ ನಿನಗ ಯಾರು ಹೇಳಿದ್ರು?

ಪುಟ್ಟಿ: ಅರ್ಥ ಇದ್ರೂ ನಮ್ಮ ಬದುಕಿಗೆ ಏನು ಸಂಬಂಧ ದೊಡ್ಡಪ್ಪ? ಬುಧವಾರ ಬಂತಂದ್ರ ಯಾರಾದ್ರೂ ಬುಧ ಗ್ರಹ ನೆನಸ್ತಾರೇನು. ಮತ್ತ ಹೆಸರು ಬದಲಿ ಮಾಡಬಾರದು ಅಂತೇನಿಲ್ಲಲ್ಲ, ನೀವಿರೋ ಪುಣೆನೇ ನೋಡ್ರಿ. ಗುರುವಾರ ಪೇಠ ಅನ್ನೂ ಓಣಿ ಮೊದಲ ವೇತಾಳ ಪೇಠ ಇತ್ತು, ಬುಧವಾರ ಪೇಠಕ್ಕ ಔರಂಗಜೇಬನ ಕಾಲಕ್ಕ ಮುಹಿಯಾಬಾದ್ ಅಂತಿದ್ರು. ಪೇಶ್ವೆಯವರು ಬದಲಿ ಮಾಡಿದ್ರು, ಊರು ಒಪ್ಪಿಕೊಂಡ್ತು, ಈಗ ರಿಕ್ಷಾದವನಿಗೆ ವೇತಾಳ ಪೇಠ ಅಂದ್ರ ತಿಳಿಯೂದೂ ಇಲ್ಲ

ಭೋಸರಿ ಅಣ್ಣ: ಇದು ಪಾಯಿಂಟ್ ಅದ

ದೊಡ್ಡಪ್ಪ ಸದಾಶಿವ ಪೇಠ: ಪಾಯಿಂಟ್ ಖರೆ, ಆದ್ರ ಬದಲಿ ಆಗಿದ್ದು ಯಾವ ಕಡೆಗೆ ಅಂತ ನೋಡಬೇಕು. ಪೇಠಗೋಳು ವಾರದ ಹೆಸರಿಗೆ ಬಂದ್ವು, ವಾರ ಬಿಟ್ಟು ಹೋಗಲಿಲ್ಲ. ಎಲ್ಲಾರ ಬಾಯಾಗ ಮೊದಲೇ ಇದ್ದ ಹೆಸರು ತಂದು ಓಣಿಗೆ ಇಟ್ರು, ಅದಕ್ಕ ನಿಂತ್ವು. ಪೇಶ್ವೆಯವರ ಅರಮನಿ ಶನಿವಾರವಾಡಾಕ್ಕ ಪಾಯಾ ಹಾಕಿದ್ದು 1730ರ ಜನವರಿ 10, ಅವತ್ತು ಶನಿವಾರ. ಬೇಕಂತನ ಆ ದಿನ ಹಿಡಿದಿದ್ರು, ಎರಡು ವರ್ಷದ ಮ್ಯಾಲೆ ವಾಸ್ತು ಮಾಡಿದ್ದೂ ಶನಿವಾರನ. ದಿನದ ಹೆಸರು ಅರಮನಿಗೆ ಬಂತು ನೋಡು

ವೈನಿ: ನನಗಂತೂ ಪುಟ್ಟಿ ಹೆಸರುಗಳು ಇಷ್ಟ ಆಯ್ತಪ್ಪ. ನಡುವಾರ ಅಂತ ಕೇಳೋಕೇ ಚೆನ್ನಾಗಿದೆ. ಜರ್ಮನ್‌ನಲ್ಲೂ ಬುಧವಾರಕ್ಕೆ ವಾರದ ನಡು ಅಂತಲೇ ಅಲ್ವಾ ಹೇಳೋದು, ಮಿಟ್‌ವೊಖ್. ರಷ್ಯನ್‌ನಲ್ಲೂ ಹಾಗೇ ಅಂತೆ

ಡೊಂಬಿವಲಿ ಅತ್ತಿ: ನಡು ಅನ್ನೂದು ಎಲ್ಲಿಂದ ಎಣಿಸ್ತೀವಿ ಅನ್ನೂದರ ಮ್ಯಾಲೆ ಅದ ಅಲ್ಲೇನವಾ. ಐತವಾರದಿಂದ ಹಿಡಿದ್ರ ಬುಧವಾರ ನಡು, ಸೋಮವಾರದಿಂದ ಹಿಡಿದ್ರ ಗುರುವಾರ ನಡು. ನನ್ನ ಆಫೀಸಿನ ಕ್ಯಾಲೆಂಡರ್ ಸೋಮವಾರಕ್ಕ ಶುರು ಆಗ್ತದ

ಪುಟ್ಟಿ: ನಮ್ಮ ಕ್ಯಾಲೆಂಡರ್ ಭಾನುವಾರಕ್ಕೇ ಶುರು ಅತ್ತಿ, ಅದಕ್ಕ ನಡುವಾರ ಸರಿ ಕೂಡ್ತದ

ಭೋಸರಿ ಅಣ್ಣ: ನಾ ಒಂದು ಹೇಳ್ತೀನಿ ಪುಟ್ಟಿ, ಬ್ಯಾಸರ ಮಾಡ್ಕೋಬ್ಯಾಡ. ನೀ ಭಾನುವಾರಕ್ಕ ಬಿಡುವಾರ ಅಂತ ಹಾಕೀದಿ. ನನಗ ಬಿಡುವು ಭಾನುವಾರ ಇಲ್ಲ, ಗುರುವಾರ ಅದ. ಭೋಸರಿ, ಪಿಂಪ್ರಿ, ಈ ಕಡೆ ಎಂಐಡಿಸಿ ಅಂದ್ರ ಸರ್ಕಾರಿ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗೋಳು ಗುರುವಾರ ಬಂದ್, ಲೈಟಿನ ರಿಪೇರಿನೂ ಅವತ್ತೇ ಇಟ್ಕೋತಾರ. ಭಾನುವಾರ ನಾ ಮುಂಜಾನೆ ಆರೂವರಿಗೆ ಬಸ್ ಹಿಡೀತೀನಿ, ಟಿಫಿನ್ ಡಬ್ಬಿ ತಗೊಂಡು ಹೋಗೂ ಮುಂದ ಗ್ವಾಡಿ ಮ್ಯಾಲೆ ಬಿಡುವಾರ ಅಂತ ದೊಡ್ಡ ಅಕ್ಷರದಾಗ ಕಾಣ್ತದ. ಗುರುವಾರ ನಾ ಮನ್ಯಾಗ ಇರ್ತೀನಿ, ಹುಡುಗ ಸಾಲಿಗೆ ಹೋಗಿರ್ತಾನ, ಇಕಿ ಆಫೀಸಿಗೆ. ಅದರಾಗ ಪುಣೆದಾಗ ಪಂಪಿಂಗ್ ಸ್ಟೇಷನ್ ರಿಪೇರಿ ಅಂತ ನೀರು ನಿಲ್ಸೂದೂ ಬಹಳ ಮಾಡಿ ಗುರುವಾರನ. ಬುಧವಾರ ರಾತ್ರಿನ ಬಕೆಟ್, ಪೀಪಾಯಿ, ಅಡಗಿಮನಿ ಪಾತೇಲಿ ಎಲ್ಲಾ ತುಂಬಿ ಇಡಬೇಕು. ನನ್ನ ವಾರ ಬ್ಯಾರೆನ ಅದ

ವೈನಿ: ಹೌದು ಇದು ನಿಜ. ನಾನು ಅದನ್ನ ಯೋಚ್ನೆ ಮಾಡಿರಲಿಲ್ಲ

ಡೊಂಬಿವಲಿ ಅತ್ತಿ: ನಮಗೂ ಭಾನುವಾರ ಅಂದ್ರ ಮೆಗಾಬ್ಲಾಕ್, ರಿಪೇರಿ ಅಂತ ಲೋಕಲ್ ರೈಲು ನಿಲ್ಲಸೂದು. ಮಾಟುಂಗಾ ಮುಲುಂಡ್ ನಡುವ ಫಾಸ್ಟ್ ಲೈನ್ ಬಂದ್ ಅಂತ ಶನಿವಾರನ ಮೆಸೇಜ್ ಬಂದಿರ್ತದ, ದಾದರ್‌ಗೆ ಹೋಗೂದಿದ್ರೂ ನೂರು ಸಲ ವಿಚಾರ ಮಾಡಬೇಕು. ಮನ್ಯಾಗ ಉಳದ್ರ ಎಲ್ಲಾರೂ ಮನ್ಯಾಗ, ಅಡಗಿ ಎರಡು ಪಟ್ಟು. ಬಿಡುವು ನನಗ ಇಲ್ಲ ಪುಟ್ಟಿ

ಪುಟ್ಟಿ: ಅತ್ತಿ ಅಣ್ಣ ಇದನ್ನೇ ನಾ ಹೇಳ್ತಿರೋದು, ಹೆಸರು ಬಿಡುವಾರ ಅಂತ ಇದ್ರ ಮನ್ಯಾಗಿನವರಿಗೆ ನೆನಪಾಗ್ತದಲ್ಲ, ಅವತ್ತು ಎಲ್ಲಾರಿಗೂ ಬಿಡುವು ಬೇಕು ಅಂತ. ಹೆಸರು ಇಟ್ಟ ಮ್ಯಾಲೆ ಜನ ಅದರಂಗ ನಡೀಲಿಕ್ಕೆ ನೋಡ್ತಾರ. ಫ್ರಾನ್ಸಿನಾಗ ಕ್ರಾಂತಿ ಆದ ಮ್ಯಾಲೆ 1793ರಾಗ ಪೂರಾ ಕ್ಯಾಲೆಂಡರ್‌ನೇ ಹೊಸಾದು ಮಾಡಿದ್ರು. ಸಂತರ ಹೆಸರು ತೆಗೆದು ಒಂದೊಂದು ದಿನಕ್ಕ ಒಂದೊಂದು ಬೆಳಿ, ಗಿಡ, ಐದನೇ ದಿನಕ್ಕ ಪ್ರಾಣಿ, ಹತ್ತನೇ ದಿನಕ್ಕ ಒಕ್ಕಲುತನದ ಸಾಮಾನು. ವರ್ಷದ ಮೊದಲ ದಿನ ಸೆಪ್ಟೆಂಬರ್‌ನಾಗ ಬರ್ತಿತ್ತು, ಅದರ ಹೆಸರು ದ್ರಾಕ್ಷಿ, ಯಾಕಂದ್ರ ಆಗ ಅಲ್ಲಿ ದ್ರಾಕ್ಷಿ ಕೀಳೂ ಸುಗ್ಗಿ. ಅದೇ ತಿಂಗಳ ಹತ್ತನೇ ದಿನ ದ್ರಾಕ್ಷಿ ರಸ ಹುಳಿ ಬರಸೂ ತೊಟ್ಟಿ. ಓದಿದಾಗ ನನಗ ಕಣ್ಣಾಗ ನೀರು ಬಂತು, ರೈತ ಮಾಡೂ ಕೆಲಸ ಕ್ಯಾಲೆಂಡರ್‌ನಾಗ ಬಂತಲ್ಲ ಅಂತ

ದೊಡ್ಡಪ್ಪ ಸದಾಶಿವ ಪೇಠ: ಭಾಳ ಛಲೋ ಉದಾಹರಣೆ ಕೊಟ್ಟಿ. ಮುಂದೇನಾತು ಅದನ್ನೂ ಹೇಳು

ಪುಟ್ಟಿ: ನೆಪೋಲಿಯನ್ ತೆಗೆದ. 1806 ಜನವರಿ 1ಕ್ಕ

ಅಕ್ಕ (ನಾನು): ಯಾಕ ನಿಲ್ಲಲಿಲ್ಲ ಅನ್ನೂದು ಮುಖ್ಯ ಪುಟ್ಟಿ. ಹೆಸರು ಛಂದ ಇದ್ವು, ಆದ್ರ ವಾರ ಏಳು ದಿನದ್ದು ಹೋಗಿ ಹತ್ತು ದಿನದ್ದು ಆತು, ಅಂದ್ರ ಏಳನೇ ದಿನಕ್ಕ ಸಿಗ್ತಿದ್ದ ಸೂಟಿ ಹತ್ತನೇ ದಿನಕ್ಕ ಹೋತು. ದುಡಿಯೂ ಜನ ಸೂಟಿ ಕಳಕೊಂಡು ದ್ರಾಕ್ಷಿ ಹೆಸರು ತಗೊಂಡು ಏನು ಮಾಡಬೇಕು. ರಷ್ಯಾದಾಗ 1929ರಾಗ ಇನ್ನೂ ಮುಂದ ಹೋದ್ರು, ಐದು ದಿನದ ವಾರ ಮಾಡಿದ್ರು, ಕೆಲಸಗಾರರನ್ನ ಐದು ಬಣ್ಣಕ್ಕ ಹಂಚಿದ್ರು, ಒಂದೊಂದು ಬಣ್ಣದವರಿಗೆ ಒಂದೊಂದು ದಿನ ಸೂಟಿ, ಮಶೀನ್ ನಿಲ್ಲಬಾರದು ಅಂತ. ಗಂಡನ ಬಣ್ಣ ಒಂದು ಹೆಂಡ್ತಿ ಬಣ್ಣ ಒಂದು, ಒಂದೇ ಮನ್ಯಾಗ ಇದ್ದೂ ಸೂಟಿ ದಿನ ಮಾರಿ ನೋಡ್ದಂಗ ಆತು. 1931ಕ್ಕ ಆರು ದಿನದ್ದು ಮಾಡಿ ನೋಡಿದ್ರು, 1940ಕ್ಕ ತಿರುಗಿ ಏಳಕ್ಕೇ ಬಂದ್ರು. ನಮ್ಮ ಅಣ್ಣ ವೈನಿ ಪರಿಸ್ಥಿತಿ ಈಗ ಹಂಗೇ ಅದ ನೋಡು

ಭೋಸರಿ ಅಣ್ಣ: ಹೌದು. ನಾನು ಇಕಿ ಇಬ್ಬರೂ ಸೂಟಿ ಇರೋ ದಿನ ಅಂದ್ರ ಹಬ್ಬ ಒಂದೇ

ಮಾಪ್ಸಾ ಮಾವ: ಈಗ ನೋಡಿದೆ ಎಲ್ಲಾ ಮೆಸೇಜು, ಅಂಗಡಿಯಾಗ ಇದ್ದೆ, ಇವತ್ತು ಶುಕ್ರವಾರ ಅಲ್ಲೇನು, ಮಾಪ್ಸಾ ಬಜಾರ್. ಗೋವಾದ್ದು ಹೇಳ್ತೀನಿ ಕೇಳ್ರಿ. ಪೋರ್ತುಗೀಸ್ ಭಾಷಾದಾಗ ಸೋಮವಾರದಿಂದ ಶುಕ್ರವಾರದ ತನಕ ದೇವರ ಹೆಸರೂ ಇಲ್ಲ ಗ್ರಹದ ಹೆಸರೂ ಇಲ್ಲ, ನಂಬರು. ಸೋಮವಾರ ಸೆಗುಂದಾ ಫೈರಾ ಅಂದ್ರ ಎರಡನೇದು, ಮಂಗಳವಾರ ಮೂರನೇದು, ಹಿಂಗ ಶುಕ್ರವಾರ ಆರನೇದು. 6ನೇ ಶತಮಾನದಾಗ ಈಗಿನ ಪೋರ್ತುಗಾಲಿನ ಬ್ರಾಗಾದ ಬಿಷಪ್ ಮಾರ್ಟಿನ್ ಅಂತ ಒಬ್ಬರು ಹಳೇ ರೋಮನ್ ದೇವರ ಹೆಸರು ದಿನಕ್ಕ ಇರಬಾರದು ಅಂತ ಹಟ ಹಿಡಿದಿದ್ರು. ಆ ಭಾಷಾದವರು 1510ರಿಂದ 1961ರ ತನಕ ಇಲ್ಲಿ ರಾಜ್ಯ ಮಾಡಿದ್ರು. ಆದ್ರೂ ನನ್ನ ಬಾಜೂ ಅಂಗಡಿ ಕ್ರಿಶ್ಚನ್ ಬಾಯಿ, ಚೋರಿಸ್ ಅಂದ್ರ ಮಾಂಸದ ಸಾಸೇಜ್ ಮಾರ್ತಾರ, ಅವರ ಬಾಯಾಗ ಆಯ್ತಾರ್, ಸೊಮಾರ್, ಮಂಗ್ಳಾರ್, ಬುಧ್ವಾರ್, ಬ್ರೆಸ್ತಾರ್, ಸುಕ್ರಾರ್, ಶೆನ್ವಾರ್. ಬ್ರೆಸ್ತಾರ್ ಅಂದ್ರ ನಮ್ಮ ಬ್ಯಾಸ್ತ್ವಾರನ, ಬೃಹಸ್ಪತಿ. ಧರ್ಮ ಬದಲಿ ಆತು, ಅಡಗಿ ಬದಲಿ ಆತು, ಹಾಡು ಬದಲಿ ಆತು, ವಾರ ಆಗಲಿಲ್ಲ. ಸಂತಿ ಮಾಡೂ ಜನಕ್ಕ ಒಂದೇ ಹೆಸರು ಬೇಕು. ಇಲ್ಲಾಂದ್ರ ಬೆಳಗಾವಿಯಿಂದ ಕಾಯಿಪಲ್ಲೆ ತರಾವನು ಯಾವತ್ತು ಬರಬೇಕು?

ಡೊಂಬಿವಲಿ ಅತ್ತಿ: ಭಾಳ ಛಲೋ ಹೇಳಿದ್ರಿ. ನಮ್ಮೂರಾಗ ಅಪ್ಪ ಎಂದೂ ದಿನದ ಹೆಸರು ಹೇಳ್ತಿರಲಿಲ್ಲ, ಸಂತಿ ದಿನ, ಸಂತಿ ಮರುದಿನ, ಅಷ್ಟೇ

ವೈನಿ: ಅಂದ್ರೆ ಅವರೂ ಸ್ವಂತ ಹೆಸರೇ ಇಟ್ಕೊಂಡಿದ್ರಲ್ಲ ಅತ್ತೆ, ಪುಟ್ಟಿ ಮಾಡಿರೋ ಹಾಗೇ

ಡೊಂಬಿವಲಿ ಅತ್ತಿ: ಹೌದಲ್ಲ 🤔

ಪುಟ್ಟಿ: ಥ್ಯಾಂಕ್ಯೂ ವೈನಿ. ಈಗ ಖರೆ ಕಾರಣ ಹೇಳ್ತೀನಿ ನಾ ಯಾಕ ಇದನ್ನ ಮಾಡಿದೆ ಅಂತ. ನಮ್ಮ ಚಿಂಟು ಹುಟ್ಟಿದ್ದು ಶನಿವಾರ. ಹೋದ ತಿಂಗಳ ಒಂದು ಫಂಕ್ಷನ್‌ನಾಗ ಯಾರೋ ಒಬ್ಬರು ಅವನ ಮುಂದನ, ಶನಿವಾರ ಹುಟ್ಟ್ಯಾನ ಅದಕ್ಕ ಹಿಂಗ ಕಾಡ್ತಾನ, ಶನಿ ಅಂತ ಅಂದ್ರು. ಐದು ವರ್ಷದ ಹುಡುಗ. ರಾತ್ರಿ ಬಂದು ನನ್ನ ಕೇಳ್ದ, ದೀದಿ ನಾ ಕೆಟ್ಟ ದಿನ ಹುಟ್ಟೀನೇನು ಅಂತ. ಅವತ್ತು ನಿದ್ದಿ ಬರಲಿಲ್ಲ ನನಗ. ಮಂಗಳವಾರದ್ದೂ ಅದೇ ಕಥಿ, ಹೆಸರಾಗ ಮಂಗಳ ಅಂತ ಇಟ್ಟು ಮಂಗಳವಾರ ಹೊಸಾ ಕೆಲಸ ಬ್ಯಾಡ, ಮಂಗಳವಾರ ಪ್ರಯಾಣ ಬ್ಯಾಡ. ಒಂದು ಹುಡುಗನ್ನ ಅಂಜಸೂ ಹೆಸರು ನಮ್ಮ ಗ್ವಾಡಿ ಮ್ಯಾಲೆ ಯಾಕ ಇರಬೇಕು? ಅದಕ್ಕ ಕೂಡುವಾರ ಅಂತ ಮಾಡಿದೆ. ಎಲ್ಲಾರೂ ಕೂಡೂ ದಿನ ನೀ ಹುಟ್ಟೀದಿ ಅಂತ ಹೇಳಬೇಕು ಅವಂಗ

ವೈನಿ: ಅಯ್ಯೋ ಪುಟ್ಟಿ, ನನಗೆ ಹೇಳಲೇ ಇಲ್ವಲ್ಲೇ ಇದನ್ನ. ಅವನೂ ನನ್ನ ಹತ್ರ ಏನೂ ಹೇಳಿಲ್ಲ

ಭೋಸರಿ ಅಣ್ಣ: ಯಾರು ಅಂದ್ರು ಅದನ್ನ

ಪುಟ್ಟಿ: ಅದು ಬ್ಯಾಡ ಅಣ್ಣ

ದೊಡ್ಡಪ್ಪ ಸದಾಶಿವ ಪೇಠ: ಪುಟ್ಟಿ, ಇದು ನನಗ ಗೊತ್ತಿರಲಿಲ್ಲ. ಹುಡುಗಗ ಹಂಗ ಅಂದದ್ದು ಭಾಳ ತಪ್ಪು. ಆದ್ರ ಅದಕ್ಕ ಔಷಧ ಹೆಸರು ಅಳಸೂದಲ್ಲ, ಹೆಸರು ಏನಂತ ಅವಂಗ ತಿಳಿಸಿ ಹೇಳೂದು. ಸ್ವಲ್ಪ ಉದ್ದ ಆಗ್ತದ, ಓದು. ಆಕಾಶದಾಗ ಕಣ್ಣಿಗೆ ಕಾಣೂ ಏಳು, ಮೆಲ್ಲಗ ನಡಿಯೂದರಿಂದ ಹಿಡಿದು ಜೋರಾಗಿ ನಡಿಯೂದರ ತನಕ ಸಾಲು ಹಚ್ಚಿದ್ರು. ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ. ಶನಿಗೆ ಒಂದು ಸುತ್ತಿಗೆ ಇಪ್ಪತ್ತೊಂಬತ್ತೂವರಿ ವರ್ಷ, ಗುರುವಿಗೆ ಹನ್ನೆರಡರ ಹತ್ತತ್ರ, ಚಂದ್ರಗ 27 ದಿನ ಚಿಲ್ಲರೆ. ದಿನದಾಗ 24 ಹೋರಾ, ಹೋರಾ ಅಂದ್ರ ತಾಸು, ಒಂದೊಂದು ಹೋರಾಕ್ಕ ಒಬ್ಬೊಬ್ಬ ಒಡೆಯ, ಇದೇ ಸಾಲಿನಾಗ. ಬೆರಳು ಮಡಚಿ ಎಣಿಸು. ಶನಿವಾರ ಸೂರ್ಯ ಹುಟ್ಟಿದ ಮೊದಲ ಹೋರಾ ಶನಿದು. ಎಂಟನೇದು ಶನಿ, ಹದಿನೈದನೇದು ಶನಿ, ಇಪ್ಪತ್ತೆರಡನೇದು ಶನಿ, ಇಪ್ಪತ್ತಮೂರು ಗುರು, ಇಪ್ಪತ್ನಾಕು ಮಂಗಳ, ಅಲ್ಲಿಗೆ ದಿನ ಮುಗೀತು. ಮರುದಿನದ ಮೊದಲ ಹೋರಾ ರವಿದು, ಅದಕ್ಕ ರವಿವಾರ. ರವಿಯಿಂದ ಹಂಗೇ ಎಣಿಸು, ಮರುದಿನ ಚಂದ್ರ ಬರ್ತಾನ, ಸೋಮವಾರ. ಶನಿವಾರದ ಮರುದಿನ ಭಾನುವಾರನ ಯಾಕ, ಗುರುವಾರ ಯಾಕಲ್ಲ, ಅನ್ನೂದಕ್ಕ ಉತ್ತರ ಈ ಎಣಿಕ್ಯಾಗ ಅದ. ಇದು ನಮ್ಮ ದೇಶಕ್ಕ ಹೊರಗಿಂದ ಬಂದ ಲೆಕ್ಕ, ಅದಕ್ಕ ಮೊದಲ ನಾವು ತಿಥಿ ನಕ್ಷತ್ರದ ಮ್ಯಾಲೆ ದಿನ ಹೇಳ್ತಿದ್ವಿ. ಮಧ್ಯಪ್ರದೇಶದ ಏರಣದಾಗ ಗುಪ್ತರ ರಾಜ ಬುಧಗುಪ್ತನ ಕಾಲದ ಕಂಬದ ಶಾಸನ ಅದ, 484ನೇ ಇಸ್ವಿದು, ಅದರಾಗ ಆಷಾಢ ಶುದ್ಧ ದ್ವಾದಶಿ, ಗುರುವಾರ ಅಂತ ಬರ್ತದ. ಅವತ್ತಿನಿಂದ ಇವತ್ತಿನ ತನಕ ಒಂದು ದಿನಾನೂ ತಪ್ಪದಂಗ ಲೆಕ್ಕ ಮುಂದ ಬಂದದ, ರಾಜರು ಹೋದ್ರು, ಶಕೆಗೋಳು ಬದಲಿ ಆದ್ವು, ಏಳರ ಎಣಿಕಿ ತುಂಡಾಗಲಿಲ್ಲ

ಮಾಪ್ಸಾ ಮಾವ: ಎಣಿಸಿ ನೋಡಿದೆ ದೊಡ್ಡಪ್ಪನೋರ, ಬರೋಬರ್ ಬರ್ತದ!! ಇಷ್ಟು ವರ್ಷ ಪಂಚಾಂಗ ನೋಡೀನಿ, ಇದು ತಿಳಿದಿರಲಿಲ್ಲ

ವೈನಿ: ನಾನೂ ಈಗ ತಾನೇ ಎಣಿಸಿದೆ, ಬುಧವಾರದವರೆಗೂ ಸರಿ ಬಂತು

ಅಕ್ಕ (ನಾನು): ಅಜ್ಜಿಗೆ ಪುಟ್ಟಿ ಮೆಸೇಜು ಓದಿ ಹೇಳಿದೆ. ವಾಯ್ಸ್ ಕಳಿಸ್ಯಾಳ, ಕಿವಿ ಕೇಳದವರಿಗೆ ಟೈಪ್ ಮಾಡಿ ಹಾಕ್ತೀನಿ, ಆಕಿ ಹೇಳಿದ್ದು ಹಂಗೇ: ಶನಿವಾರ ನಮ್ಮ ಮನ್ಯಾಗ ಹನುಮಪ್ಪನ ವಾರ. ನಿಮ್ಮ ಅಜ್ಜ ಅವತ್ತು ಒಪ್ಪತ್ತು ಮಾಡ್ತಿದ್ರು, ಸಂಜೀಕ ಗುಡಿಗೆ ಎಣ್ಣಿ ಒಯ್ತಿದ್ರು. ಚಿಂಟೂಗ ಹನುಮಪ್ಪನ ವಾರ ಹುಟ್ಟೀದಿ ಅಂತ ಹೇಳ್ರಿ. ಶನಿ ಅಂದ್ರ ಶನೈಶ್ಚರ, ಮೆಲ್ಲಗ ನಡ್ಯಾಂವ, ಅಂವ ಯಾರಿಗೆ ಏನು ಮಾಡ್ಯಾನ. ಸೋಮವಾರ ಎತ್ತಿನ ಹೆಗಲ ಮ್ಯಾಲೆ ನೊಗ ಇಡ್ತಿದ್ದಿಲ್ಲ ನಾವು, ಬಸವಣ್ಣನ ವಾರ, ಎತ್ತಿಗೆ ಸೂಟಿ. ನೀವು ಸೋಮವಾರ ತೊಡಗುವಾರ ಅಂತೀರಿ, ನಮ್ಮ ಮನ್ಯಾಗ ಸೋಮವಾರ ಎತ್ತು ಮಲಗ್ತಿದ್ವು.

ಪುಟ್ಟಿ: ಅಜ್ಜಿ ❤️ ಎತ್ತಿಗೆ ಸೋಮವಾರ ಸೂಟಿ ಅನ್ನೂದು ನನಗ ಯಾರೂ ಹೇಳಿರಲಿಲ್ಲ

ಅಕ್ಕ (ನಾನು): ಪುಟ್ಟಿ ನನ್ನ ಅಭಿಪ್ರಾಯ ಹೇಳ್ತೀನಿ, ಆಮ್ಯಾಲೆ ನೀ ಹೇಳಿದಂಗ ಆಗ್ಲಿ. ಇಲ್ಲೀ ತನಕ ಎಲ್ಲಾರೂ ಬರೆದದ್ದು ಒಟ್ಟಿಗೆ ಓದಿ ನೋಡು. ಎತ್ತಿಗೆ ಸೂಟಿ ಸೋಮವಾರ, ಅಣ್ಣಗ ಗುರುವಾರ, ಮಾವಗ ದುಡಿಮಿ ಜಾಸ್ತಿ ಶುಕ್ರವಾರ, ಅತ್ತಿಗೆ ಅಡಗಿ ಜಾಸ್ತಿ ಭಾನುವಾರ. ನಮ್ಮ ಮನೆತನದಾಗ ಇಬ್ಬರ ವಾರ ಒಂದೇ ಥರ ಇಲ್ಲ. ಬಿಡುವಾರ ಅಂತ ಅಚ್ಚು ಹಾಕಿದ್ರ ಅದು ಭಾನುವಾರ ಬಿಡುವು ಇದ್ದವರ ಕ್ಯಾಲೆಂಡರ್ ಆಗ್ತದ, ಅಣ್ಣಂದು ಆಗೂದಿಲ್ಲ. ಸೋಮ ಮಂಗಳ ಬುಧ ಇವು ಯಾರ ಮನಿ ಕೆಲಸದ ಹೆಸರೂ ಅಲ್ಲ, ಅದಕ್ಕ ಎಲ್ಲಾರ ಕೆಲಸಕ್ಕೂ ಜಾಗಾ ಕೊಡ್ತಾವ. ಮ್ಯಾಲೆ ಆಕಾಶದ್ದು ಒಂದೇ ಹೆಸರು, ಕೆಳಗ ಒಬ್ಬೊಬ್ಬರದು ಒಂದೊಂದು ಅರ್ಥ. ಅಜ್ಜಿಗೆ ಶನಿವಾರ ಹನುಮಪ್ಪಂದು, ನಿನಗ ಕೂಡುವಾರ, ಎರಡೂ ಖರೆ.

ಇನ್ನೊಂದು. ಈ ಭಾನುವಾರದ ಸೂಟಿ ನಮಗ ಪುಕ್ಕಟೆ ಬಂದದ್ದಲ್ಲ. ಮುಂಬೈ ಗಿರಣಿಯೊಳಗ ಕೆಲಸಗಾರರಿಗೆ ವಾರದ ಸೂಟಿನೇ ಇರಲಿಲ್ಲ, ನಾರಾಯಣ ಮೇಘಾಜಿ ಲೋಖಂಡೆ ಅವರು ವರ್ಷಗಟ್ಟಲೆ ಹೋರಾಡಿ 1890ರ ಜೂನ್ 10ಕ್ಕ ಭಾನುವಾರ ಸೂಟಿ ಕೊಡಸಿದ್ರು. ಭಾನುವಾರನ ಯಾಕ ಅನ್ನೂದಕ್ಕ ಅವರು ಕೊಟ್ಟ ಒಂದು ಕಾರಣ, ಅದು ಖಂಡೋಬಾನ ವಾರ. ಜೇಜುರಿಯೊಳಗ ಯಳಕೋಟ ಯಳಕೋಟ ಜಯ ಮಲ್ಹಾರ ಅಂತ ಭಂಡಾರ ತೂರ್ತಾರಲ್ಲ, ಅಂವ ನಮ್ಮ ಮೈಲಾರಲಿಂಗನ, ಅಲ್ಲಿ ಏಳು ಕೋಟಿ ಏಳು ಕೋಟಿಗೋ ಅಂತೀವಿ. ಭಾನುವಾರ ಅನ್ನೂ ಹೆಸರು ತೆಗೆದು ಬಿಡುವಾರ ಅಂದ್ರ ಸೂಟಿ ಉಳೀತದ, ಕೊಡಸಿದವರು ಮರೀತಾರ, ಮೈಲಾರನೂ ಹೋಗ್ತಾನ

ಭೋಸರಿ ಅಣ್ಣ: ಲೋಖಂಡೆ ಅವರ ಫೋಟೋ ನಮ್ಮ ಯೂನಿಯನ್ ಆಫೀಸಿನಾಗ ಅದ. ಮೈಲಾರಂದು ಗೊತ್ತಿರಲಿಲ್ಲ

ಪುಟ್ಟಿ: ಅಕ್ಕ ನೀ ಹೇಳಿದ್ದರಾಗ ಒಂದಕ್ಕ ನಾ ಒಪ್ಪೂದಿಲ್ಲ. ಎಲ್ಲಾರಿಗೂ ಜಾಗಾ ಕೊಡ್ತಾವ ಅಂತಿ, ಆದ್ರ ಚಿಂಟೂಗ ಕೊಡಲಿಲ್ಲಲ್ಲ. ಶನಿ ಅನ್ನೂದು ಬೈಗಳ ಆಗಿ ಕೂತದ ಜನರ ಬಾಯಾಗ, ಶನೈಶ್ಚರ ಅಂತ ಅಜ್ಜಿಗೆ ಗೊತ್ತು, ಫಂಕ್ಷನ್‌ನಾಗ ಅಂದವರಿಗೆ ಗೊತ್ತಿಲ್ಲ. ಬರೇ ಹಳೇ ಹೆಸರು ಹಾಕಿ ಬಿಟ್ರ ಅದೇ ನಡೀತದ

ದೊಡ್ಡಪ್ಪ ಸದಾಶಿವ ಪೇಠ: ಇದಕ್ಕ ನಾ ಒಪ್ತೀನಿ. ಬರೇ ಹಾಕೂದು ಬ್ಯಾಡ, ಅರ್ಥ ಬರಿ. ನಾ ಬರೆದದ್ದು ಹೋರಾದ ಲೆಕ್ಕ ಹಿಂದಿನ ಪುಟಕ್ಕ ಹಾಕು, ಚಿತ್ರಾ ನೀ ಬರಿ, ಏಳು ಗ್ರಹ ಸಾಲಾಗಿ, ಶನಿಗೆ ಬಳಿ ಹಾಕಿ ಛಂದ ತೆಗೆ. ಟೆಲಿಸ್ಕೋಪ್‌ನಾಗ ನೋಡಿದವರು ಎಲ್ಲಾರಿಗಿಂತ ಛಂದ ಕಾಣೂ ಗ್ರಹ ಅದೇ ಅಂತಾರ. ಚಿಂಟೂಗ ನಾ ತೋರಸ್ತೀನಿ, ನಮ್ಮ ಪೇಠದಾಗ ಆಕಾಶ ನೋಡೂ ಮಂದಿ ಅದಾರ

ಮಾಪ್ಸಾ ಮಾವ: ಮತ್ತ ವಾರದ ಹೆಸರಿನ ಕೆಳಗ ಒಂದು ಖಾಲಿ ಗೆರಿ ಬಿಡು ಪುಟ್ಟಿ. ಅವರವರ ಮನ್ಯಾಗ ಅವರವರು ಬರಕೋತಾರ. ನಾ ಶುಕ್ರವಾರದ ಕೆಳಗ ಬಜಾರ್ ಅಂತ ಬರೀತೀನಿ

ದೊಡ್ಡಪ್ಪ ಸದಾಶಿವ ಪೇಠ: ಖಾಲಿ ಗೆರಿ ಇಟ್ರ ಅರ್ಧಾ ಮನ್ಯಾಗ ಖಾಲಿನೇ ಉಳೀತಾವ, ನೋಡಲಿಕ್ಕೆ ಛಂದ ಕಾಣೂದಿಲ್ಲ. ಅದು ಬ್ಯಾಡ

ವೈನಿ: ಇರಲಿ ದೊಡ್ಡಪ್ಪ, ನಾನಂತೂ ಬರೀತೀನಿ. ಗುರುವಾರದ ಕೆಳಗೆ ಬಿಡುವಾರ ಅಂತ, ಇವ್ರಿಗೋಸ್ಕರ. ಬುಧವಾರದ ಕೆಳಗೆ ನೀರು ತುಂಬೋದು

ಡೊಂಬಿವಲಿ ಅತ್ತಿ: ನಾನೂ ಗೆರಿಗೆ ಹೂಂ ಅಂತೀನಿ

ಭೋಸರಿ ಅಣ್ಣ: ನಾನೂ ಹೂಂ

ಪುಟ್ಟಿ: ಸರಿ. ಹಳೇ ಹೆಸರು ದೊಡ್ಡ ಅಕ್ಷರದಾಗ ತಿರುಗಿ ಹಾಕ್ತೀನಿ, ಕೆಳಗ ಗೆರಿ. ಆದ್ರ ನನ್ನ ಕಡೆಯಿಂದ ಒಂದು ಷರತ್ತು. ಶನಿವಾರದ ಗೆರಿ ಖಾಲಿ ಬಿಡೂದಿಲ್ಲ, ಅಲ್ಲಿ ಕೂಡುವಾರ ಅಂತ ಅಚ್ಚು ಹಾಕೇ ಹಾಕ್ತೀನಿ, ಎಲ್ಲಾ ಕಾಪಿಯೊಳಗೂ. ಯಾರಿಗೂ ತಕರಾರು ಇಲ್ಲಲ್ಲ?

ದೊಡ್ಡಪ್ಪ ಸದಾಶಿವ ಪೇಠ: ಶನಿವಾರಕ್ಕ ತಕರಾರಿಲ್ಲ. ಖಾಲಿ ಗೆರಿ ಬಗ್ಗೆ ನನ್ನ ಅಭಿಪ್ರಾಯ ಅದೇ ಅದ, ಆದ್ರ ಬಹುಮತ ನಿಮ್ಮ ಕಡೆ ಅದ, ಮಾಡ್ರಿ

ಅಕ್ಕ (ನಾನು): ಆಗ್ಲಿ. ಐತವಾರ ಸಣ್ಣ ಅಕ್ಷರದಾಗ ಮೈಲಾರ ಅಂತ ಹಾಕು, ಜಾಗಾ ಇದ್ರ

ಪುಟ್ಟಿ: ಜಾಗಾ ಇಲ್ಲ ಅಕ್ಕ, ಅದನ್ನ ನೀ ನಿನ್ನ ಕಾಪಿಯೊಳಗ ಬರಕೋ. ಲೋಖಂಡೆ ಅವರದು ಜೂನ್ 10ಕ್ಕ ಹಾಕ್ತೀನಿ, ಹಿರ್ಯಾರ ತಿಥಿ ಹಾಕೂ ಚೌಕದಾಗ. ಐದೂವರಿ ಆತು, ಪ್ರೆಸ್ಸಿಗೆ ಕಳಸ್ಲಿಕ್ಕತ್ತೀನಿ. ಯಾರಿಗೆ ಎಷ್ಟು ಕಾಪಿ ಬೇಕು ಈಗನ ಹೇಳ್ರಿ

ಡೊಂಬಿವಲಿ ಅತ್ತಿ: ಎರಡು

ಮಾಪ್ಸಾ ಮಾವ: ನನಗ ಮೂರು, ಒಂದು ಅಂಗಡಿಗೆ